ಆಪದ್ಧನಕ್ಕೆ 60 ದಿನಗಳ ಲೆಕ್ಕ

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಗುಡ್ಡದ ಮೇಲೆ ‘ದಿ ಇಂಡಸ್ಟ್ರಿಯಲ್ ಸಿಟಿ’ ಎಂಬ ಬೃಹತ್ ಬಿಳಿ ಅಕ್ಷರಗಳಿವೆ. ಹಿಂದೆ ಉಕ್ಕಿನ, ಮಾಂಸದ ಕಾರ್ಖಾನೆಗಳಿದ್ದ ಈ ಊರು ಇಂದು ಜೈವಿಕ ತಂತ್ರಜ್ಞಾನದ ನೆಲೆ. ನಮ್ಮ ಬಾಡಿಗೆ ಮನೆ ಆ ಗುಡ್ಡದ ಬುಡದಲ್ಲಿದೆ. ಕಳೆದ ತಿಂಗಳು ಮೈಸೂರಿನಿಂದ ದೊಡ್ಡಪ್ಪ ಕರೆ ಮಾಡಿ, ‘ಬೋಗಾದಿಯ ಕಡೆ ಒಳ್ಳೆಯ ಸೈಟು ಬಂದಿದೆ. ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿರುವ ಹಣ ಕಳಿಸಿಬಿಡಪ್ಪ’ ಎಂದರು. ಹಣವಿದ್ದುದು ನಿಜ, ನಾನು ಕಳಿಸಲಿಲ್ಲ. ಅವರಿಗೆ ಬೇಸರವಾಯಿತು.

ಮೂರರಿಂದ ಆರು ತಿಂಗಳ ಖರ್ಚನ್ನು ಆಪತ್ತಿಗೆಂದು ಎತ್ತಿಡಬೇಕೆಂಬುದು ಇಲ್ಲಿ ಎಲ್ಲರೂ ಹೇಳುವ ಮಾತು. ಅದು ಈ ನೆಲದಲ್ಲಿ ನೆಮ್ಮದಿಯಾಗಿ ಉಳಿಯಬಲ್ಲವರಿಗಾಗಿ ಹುಟ್ಟಿದ ಸೂತ್ರ. ಎಚ್-1ಬಿ ವೀಸಾದವರ ಕೆಲಸ ಹೋದರೆ ಗರಿಷ್ಠ 60 ದಿನಗಳ ಕಾಲಾವಕಾಶ. ವಾಸದ ಅನುಮತಿ ಅದಕ್ಕೂ ಮೊದಲೇ ಮುಗಿದರೆ ಅಷ್ಟೂ ಇಲ್ಲ. ಅಷ್ಟರೊಳಗೆ ಹೊಸ ಸಂಸ್ಥೆ ಅರ್ಜಿ ಹಾಕಬೇಕು, ಇಲ್ಲವೇ ನಾವು ಬೇರೆ ವೀಸಾಕ್ಕೆ ಅರ್ಜಿ ಸಲ್ಲಿಸಬೇಕು, ಇಲ್ಲವೇ ದೇಶ ಬಿಡಬೇಕು. ಹೀಗೆ ಅರ್ಜಿ ಹಾಕಿ ಕಾಯುವವರು ಇಲ್ಲಿರಬಹುದು, ದುಡಿಯುವಂತಿಲ್ಲ. ನನ್ನ ಪತ್ನಿಗಂತೂ ಕೆಲಸದ ಪರವಾನಗಿಯೇ ಇಲ್ಲ. ನಮ್ಮದು ಒಂದೇ ಸಂಬಳದ ಮನೆ.

ಇನ್ನೊಂದು ಖರ್ಚು ತಿಂಗಳ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಕೆಲಸವಿರುವಾಗ ಆರೋಗ್ಯ ವಿಮೆಯ ಹೆಚ್ಚಿನ ಪಾಲನ್ನು ಸಂಸ್ಥೆ ಕಟ್ಟುತ್ತದೆ. ಕೆಲಸ ಹೋದ ಮೇಲೆ ‘ಕೋಬ್ರಾ’ ಕಾನೂನಿನಡಿ ಸಾಮಾನ್ಯವಾಗಿ 18 ತಿಂಗಳವರೆಗೆ ಅದೇ ವಿಮೆಯನ್ನು ಮುಂದುವರಿಸಬಹುದು. ಆದರೆ ಪೂರ್ತಿ ಕಂತಿನ ಶೇ. 102ರವರೆಗೆ ನಾವೇ ತೆರಬೇಕಾಗುತ್ತದೆ. 2024ರ ಕೆಎಫ್‌ಎಫ್ ಸಮೀಕ್ಷೆಯಲ್ಲಿ ಕುಟುಂಬದ ಸರಾಸರಿ ವಾರ್ಷಿಕ ಕಂತು 25,572 ಡಾಲರ್. ಅಂದರೆ ತಿಂಗಳಿಗೆ ಸುಮಾರು 2,170. ನಮ್ಮ ಬಾಡಿಗೆ, ದಿನಸಿ, ಮಗುವಿನ ಪಾಲನಾ ಕೇಂದ್ರ, ಕಾರು ಸೇರಿ 6,500 ಆಗುತ್ತದೆ. ಎರಡೂ ಕೂಡಿದರೆ ಆರು ತಿಂಗಳಿಗೆ ಸುಮಾರು 52 ಸಾವಿರ ಡಾಲರ್. ಮೂವರ ವಿಮಾನದ ಟಿಕೆಟ್ಟು, ಬಾಡಿಗೆ ಕರಾರನ್ನು ಅರ್ಧಕ್ಕೆ ಮುರಿದರೆ ತೆರಬೇಕಾದ ಮೊತ್ತ ಇವೆಲ್ಲ ಬೇರೆ. ಇಷ್ಟು ಕೂಡುವ ತನಕ ಊರಿನಲ್ಲಿ ಸೈಟಿಗೆ ಕೈಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಸೈಟಿನ ಬೆಲೆ ಏರೀತು. ಆದರೆ 60 ದಿನಗಳೊಳಗೆ ಅದನ್ನು ಮಾರಿ ಹಣ ತರಿಸಿಕೊಳ್ಳುವುದು ಸುಲಭವಲ್ಲ.

‘ಹಾಗಾದರೆ ಎನ್‌ಆರ್‌ಇ ಠೇವಣಿಯಲ್ಲಿಡು, ಬಡ್ಡಿ ಹೆಚ್ಚು’ ಎಂದರು ದೊಡ್ಡಪ್ಪ. ಆ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಅಮೆರಿಕದಲ್ಲಿದೆ. ವರ್ಷ ತುಂಬುವ ಮೊದಲೇ ಮುರಿದರೆ ಬಡ್ಡಿಯೇ ಇಲ್ಲ. ಇಲ್ಲಿನ ಉಳಿತಾಯ ಖಾತೆಗೆ ಎರಡೂವರೆ ಲಕ್ಷ ಡಾಲರ್‌ವರೆಗೆ ಸರ್ಕಾರಿ ವಿಮೆಯ ರಕ್ಷಣೆಯಿದೆ, ಹಣ ಬೇಕೆಂದ ದಿನವೇ ಕೈಗೆ ಸಿಗುತ್ತದೆ. ಇದನ್ನು ಜಿಪುಣತನವೆಂದು ಊರಿನವರು ತಿಳಿಯಬಾರದು. ಇಲ್ಲಿಗೆ ಹೊರಟಿರುವ ಕಿರಿಯರು ಕೂಡ ಕೈಗೆ ಬರುವ ಸಂಬಳದ ಅಂಕಿಯೊಂದನ್ನೇ ನೋಡಿ ಮನೆಯವರಿಗೆ ಮಾತು ಕೊಡಬಾರದು.

ಕೊನೆಗೆ ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಚಿತ್ರ ತೆಗೆದು ದೊಡ್ಡಪ್ಪನಿಗೆ ಕಳಿಸಿದೆ. ಅವರು ಖಜಾನೆ ಇಲಾಖೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಎರಡು ದಿನ ಮಾತಿಲ್ಲ. ಮೂರನೆಯ ದಿನ ಕರೆ ಬಂತು: ‘ಸಾಮಾನು ಸಾಗಿಸುವ ಖರ್ಚನ್ನು ಇದರಲ್ಲಿ ಎಲ್ಲಿ ಹಿಡಿದಿದ್ದೀಯೋ?’

ನಾನು ಹಿಡಿದಿರಲಿಲ್ಲ.