ಹಗುರ ಲ್ಯಾಪ್‌ಟಾಪ್: ಮೆಮೊರಿ ಎಷ್ಟಿದ್ದರೆ ಸಾಕು?

ಪ್ರತಿವರ್ಷ ಹತ್ತನೇ ಮತ್ತು ಹನ್ನೆರಡನೇ ತರಗತಿಯ ಫಲಿತಾಂಶ ಹೊರಬಿದ್ದೊಡನೆ ಮುಂಬಯಿ ಮಹಾನಗರದ ಕನ್ನಡಿಗರ ಮನೆಗಳಲ್ಲಿ ಕಾಲೇಜು ಪ್ರವೇಶದ ಜತೆಗೆ ಲ್ಯಾಪ್‌ಟಾಪ್‌ನ ಮಾತೂ ಶುರುವಾಗುತ್ತದೆ. ನೋಟ್‌ಬುಕ್ಕು, ಸಮವಸ್ತ್ರ, ಶುಲ್ಕಕ್ಕೆ ನೆರವಾಗುತ್ತ ಬಂದ ಸಂಘ-ಸಂಸ್ಥೆಗಳೂ ಲ್ಯಾಪ್‌ಟಾಪ್ ಕೊಡುವ ಯೋಚನೆ ಮಾಡುತ್ತಿರುವುದು ಶ್ಲಾಘನೀಯ. ಆದರೆ ಖರೀದಿಯ ಹೊತ್ತಿಗೆ ಕಂಪನಿಯ ಹೆಸರು, ತೂಕ, ಬಣ್ಣ, ರಿಯಾಯಿತಿಯ ಬಗ್ಗೆ ನಡೆಯುವಷ್ಟು ಚರ್ಚೆ ಮೆಮೊರಿಯ ಬಗ್ಗೆ ನಡೆಯುವುದಿಲ್ಲ. ಐದು ವರ್ಷ ಬಾಳಬೇಕಾದ ಯಂತ್ರ ಎರಡೇ ವರ್ಷಕ್ಕೆ ಮೂಲೆ ಸೇರುವುದಕ್ಕೆ ಅನೇಕ ಸಲ ಇದೇ ಕಾರಣ.

ಹಗುರವಾದ ಲ್ಯಾಪ್‌ಟಾಪ್ ಬೇಕೆಂದು ಮಕ್ಕಳು ಹಟ ಹಿಡಿಯುವುದರಲ್ಲಿ ತಪ್ಪಿಲ್ಲ. ಡೊಂಬಿವಲಿ, ವಿರಾರ್‌ಗಳಿಂದ ಬೆಳಗಿನ ಲೋಕಲ್ ರೈಲಿನಲ್ಲಿ ನಿಂತೇ ಬರುವವರಿಗೆ ಬೆನ್ನ ಮೇಲಿನ ಭಾರ ಅರ್ಧ ಕಿಲೋ ಇಳಿದರೂ ದೊಡ್ಡ ಉಪಕಾರವೇ. ಆದರೆ ಈ ಹಗುರತನದಲ್ಲಿ ಒಂದು ತೊಡಕಿದೆ. ಹಿಂದಿನ ದಪ್ಪ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಸ್ಲಾಟಿಗೆ ಸಿಕ್ಕಿಸಿರುತ್ತಿದ್ದರು. ಸಾಲದಿದ್ದರೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಇನ್ನೊಂದು ಹಾಕಿಸಿಕೊಂಡು ಬರಬಹುದಿತ್ತು. ತೆಳ್ಳಗಿನ ಮಾದರಿಗಳ ಪೈಕಿ ಬಹಳಷ್ಟರಲ್ಲಿ ಮೆಮೊರಿ ಚಿಪ್‌ಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. 2020ರ ನಂತರ ಬಂದ ಆಪಲ್ ಎಂ ಸರಣಿಯ ಮ್ಯಾಕ್‌ಬುಕ್‌ಗಳಲ್ಲಂತೂ ಅವು ಪ್ರೊಸೆಸರಿನ ಜತೆಯಲ್ಲೇ ಒಂದೇ ಪ್ಯಾಕೇಜಿನಲ್ಲಿರುತ್ತವೆ. ಅಂಗಡಿಯಲ್ಲಿ ಆರಿಸಿದ ಮೆಮೊರಿಯೇ ಆ ಯಂತ್ರದ ಆಯುಷ್ಯವಿಡೀ ಇರುವ ಮೆಮೊರಿ.

ಇಲ್ಲಿ ಒಂದು ಗೊಂದಲ ಸಾಮಾನ್ಯ. ಜಾಹೀರಾತಿನಲ್ಲಿ '8 ಜಿಬಿ, 512 ಜಿಬಿ' ಎಂದು ಎರಡು ಅಂಕಿಗಳಿರುತ್ತವೆ. ದೊಡ್ಡ ಅಂಕಿಯೇ ಮೆಮೊರಿ ಎಂದು ತಿಳಿದು ಸಮಾಧಾನಪಡುವ ಪಾಲಕರು ಬಹಳ. ಬ್ಯಾಂಕಿನ ಉದಾಹರಣೆ ಕೊಡುವುದಾದರೆ, 512 ಎಂಬುದು ದಾಖಲೆಗಳನ್ನು ಜೋಡಿಸಿಡುವ ಕೋಣೆ. 8 ಎಂಬುದು ಗುಮಾಸ್ತನ ಎದುರಿರುವ ಮೇಜು. ಇದನ್ನೇ ರ್‍ಯಾಮ್ ಎನ್ನುವುದು. ಕೋಣೆ ಎಷ್ಟೇ ದೊಡ್ಡದಿರಲಿ, ಮೇಜು ಚಿಕ್ಕದಾದರೆ ಪ್ರತಿ ಕಡತಕ್ಕೂ ಎದ್ದು ಹೋಗಿ ಒಂದನ್ನು ಇಟ್ಟು ಇನ್ನೊಂದನ್ನು ತರಬೇಕು. ಮೆಮೊರಿ ತುಂಬಿದಾಗ ಕಂಪ್ಯೂಟರ್ ಮಾಡುವುದೂ ಇದನ್ನೇ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ರ್‍ಯಾಮ್‌ನ ವೇಗಕ್ಕೆ ಸಮನಲ್ಲ. ಆನ್‌ಲೈನ್ ತರಗತಿಯ ನಡುವೆ ಪರದೆ ಸ್ತಬ್ಧವಾಗಿ ನಿಂತುಬಿಡುವುದಕ್ಕೆ ಹಲವು ಬಾರಿ ಈ ಓಡಾಟವೇ ಕಾರಣವಾಗಿರುತ್ತದೆ.

ಹಾಗಾದರೆ ಎಷ್ಟು ಬೇಕು? 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ 128 ಎಂಬಿ ಇದ್ದರೆ ಒಳ್ಳೆಯದು ಎನ್ನಲಾಗುತ್ತಿತ್ತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳಿರುವ ಕನಿಷ್ಠ ಮಿತಿ 4 ಜಿಬಿ. ಈ ಕನಿಷ್ಠ ಎಂಬ ಮಾತನ್ನೇ ಸಾಕು ಎಂದು ಓದಿಕೊಳ್ಳುವುದು ತಪ್ಪು. ಯಾವ ಕೆಲಸವನ್ನೂ ಕೊಡದೆ ಸುಮ್ಮನೆ ತೆರೆದಿಟ್ಟಾಗಲೇ ವಿಂಡೋಸ್ ಸುಮಾರು 3 ಜಿಬಿಯಷ್ಟನ್ನು ಬಳಸಿಕೊಂಡಿರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಗುರ ಯಂತ್ರಗಳಲ್ಲಿ ಪರದೆಯ ಚಿತ್ರಕ್ಕೂ ಅದೇ ಮೆಮೊರಿಯಿಂದ ಪಾಲು ಹೋಗುತ್ತದೆ. ಉಳಿದದ್ದರಲ್ಲಿ ಬ್ರೌಸರ್, ವೀಡಿಯೋ ಪಾಠ, ವರ್ಡ್ ಕಡತ ಮೂರನ್ನೂ ನಡೆಸುವುದು ಕಷ್ಟ. 4 ಜಿಬಿಯ ಹೊಸ ವಿಂಡೋಸ್ ಲ್ಯಾಪ್‌ಟಾಪ್ ಇಂದು ಯಾರಿಗೂ ಕೊಡತಕ್ಕದ್ದಲ್ಲ.

ವಾಣಿಜ್ಯ, ಕಲೆ, ಕಾನೂನು ಓದುವವರಿಗೆ, ಲೆಕ್ಕಪತ್ರ, ಪತ್ರವ್ಯವಹಾರ ಮಾಡುವವರಿಗೆ 8 ಜಿಬಿ ಇದ್ದರೆ ಸದ್ಯಕ್ಕೆ ಕೆಲಸ ನಡೆಯುತ್ತದೆ. ಆದರೆ ಅದಕ್ಕೊಂದು ಷರತ್ತಿದೆ: ಮುಂದೆ ಮೆಮೊರಿ ಸೇರಿಸಲು ಖಾಲಿ ಸ್ಲಾಟ್ ಇರಬೇಕು. ಬೆಸುಗೆ ಹಾಕಿದ ಯಂತ್ರವಾಗಿದ್ದು ನಾಲ್ಕೈದು ವರ್ಷ ಬಾಳಿಸುವ ಉದ್ದೇಶವಿದ್ದರೆ 16 ಜಿಬಿಯೇ ಲೇಸು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ನಿಜ. ಆದರೆ ಮಕ್ಕಳ ಕಾಲು ಬೆಳೆಯುತ್ತದೆ ಎಂಬುದೂ ನಿಜ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 16 ಜಿಬಿ ಅನಿವಾರ್ಯ. ಮೊಬೈಲ್ ಆ್ಯಪ್ ತಯಾರಿಸಲು ಬಳಸುವ ಆಂಡ್ರಾಯ್ಡ್ ಸ್ಟುಡಿಯೋವನ್ನು ಎಮ್ಯುಲೇಟರ್ ಸಹಿತ ನಡೆಸಲು ಗೂಗಲ್ ಕೂಡ ಅಷ್ಟನ್ನೇ ಕೇಳುತ್ತದೆ. 2024ರಲ್ಲಿ ಮೈಕ್ರೋಸಾಫ್ಟ್ ತನ್ನ ಕೋಪೈಲಟ್ ಪ್ಲಸ್ ಲ್ಯಾಪ್‌ಟಾಪ್‌ಗಳಿಗೆ 16 ಜಿಬಿಯನ್ನು ಕನಿಷ್ಠವೆಂದು ನಿಗದಿಪಡಿಸಿತು. ಅದೇ ವರ್ಷ ಆಪಲ್ ತನ್ನ ಮ್ಯಾಕ್‌ಬುಕ್ ಏರ್‌ನ ಆರಂಭಿಕ ಮಾದರಿಗಳನ್ನು ಬೆಲೆ ಏರಿಸದೆ 8ರಿಂದ 16 ಜಿಬಿಗೆ ಏರಿಸಿತು. ಗಾಳಿ ಎತ್ತ ಬೀಸುತ್ತಿದೆ ಎಂಬುದು ಇದರಿಂದ ಸ್ಪಷ್ಟ.

ಹಾಗೆಂದು ಮಾರಾಟಗಾರರ ಮಾತಿಗೆ ಮರುಳಾಗಿ 32 ಜಿಬಿಗೆ ಹಣ ಸುರಿಯುವುದೂ ಜಾಣತನವಲ್ಲ. ದೊಡ್ಡ ಪ್ರಮಾಣದ ವೀಡಿಯೋ ಸಂಕಲನ, ಭಾರೀ ವಿನ್ಯಾಸದ ಕೆಲಸ ಮಾಡುವವರಿಗೆ ಬಿಟ್ಟರೆ ಉಳಿದವರಿಗೆ ಆ ಮೆಮೊರಿಯ ಬಹುಭಾಗ ಖಾಲಿಯೇ ಬಿದ್ದಿರುತ್ತದೆ. ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿದ್ದನ್ನು ಕಂಡ ಮೇಲೆ, ಬೇಡದ ಮೆಮೊರಿಗೆ ಸಾಲದ ಕಂತು ಕಟ್ಟುವುದಕ್ಕೆ ಅರ್ಥವಿಲ್ಲ. ಕಂಪ್ಯೂಟರಿನಲ್ಲಿ ಹೆಚ್ಚು ಕೆಲಸವಿಲ್ಲದ ಹಿರಿಯರು ಹಳೆಯ ಯಂತ್ರವನ್ನು ಎಸೆಯಬೇಕಾಗಿಯೂ ಇಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಬೆಂಬಲ ಕೊನೆಗೊಂಡಿತು. ಆದರೂ 4 ಜಿಬಿಯ ಹಳೆಯ ಲ್ಯಾಪ್‌ಟಾಪಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಸಿದರೆ ಪತ್ರಿಕೆ ಓದುವುದಕ್ಕೆ, ಕನ್ನಡದಲ್ಲಿ ಪತ್ರ ಬರೆಯುವುದಕ್ಕೆ ಅದು ಇನ್ನೂ ಉಪಯೋಗಕ್ಕೆ ಬರುತ್ತದೆ.

ಸಂಘಗಳ ಪದಾಧಿಕಾರಿಗಳು ಗಮನಿಸಬೇಕಾದ ವಿಷಯವೂ ಇದೆ. ನಿಗದಿತ ನಿಧಿಯಲ್ಲಿ ಹೆಚ್ಚು ಮಂದಿಗೆ ಹಂಚಬೇಕೆಂಬ ಆಸೆ ಸಹಜ. ವೇದಿಕೆಯಲ್ಲಿ ಇಪ್ಪತ್ತು ಮಕ್ಕಳು ಸಾಲಾಗಿ ನಿಂತರೆ ಛಾಯಾಚಿತ್ರ ಚೆನ್ನಾಗಿ ಬರುತ್ತದೆ. ಆದರೆ ದಾನವಾಗಿ ಬಂದ ವಸ್ತು ಕೆಲಸಕ್ಕೆ ಬಾರದಿದ್ದರೆ ಪಡೆದವರು ಬಾಯಿಬಿಟ್ಟು ದೂರುವುದಿಲ್ಲ. ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿಯುವ ತಂದೆ ಅದರ ಬದಲಿಗೆ ಇನ್ನೊಂದನ್ನು ಕೊಡಿಸುವ ಸ್ಥಿತಿಯಲ್ಲಿ ಇರುವುದೂ ಇಲ್ಲ. ಆ ವಿದ್ಯಾರ್ಥಿ ಸುಮ್ಮನೆ ಹಿಂದೆ ಬೀಳುತ್ತಾನೆ. ಸಂಖ್ಯೆಯಲ್ಲಿ ಎರಡು-ಮೂರು ಕಡಿಮೆಯಾದರೂ ಸರಿ, ಪದವಿ ಮುಗಿಯುವವರೆಗೆ ಬಾಳುವ ಯಂತ್ರವನ್ನೇ ಕೊಡುವುದು ದಾನಿಗಳ ಹಣಕ್ಕೂ ಗೌರವ, ಮಕ್ಕಳಿಗೂ ಗೌರವ.

ಹಣ ಕಟ್ಟುವ ಮುನ್ನ ಅಂಗಡಿಯವರನ್ನು ಮೂರು ಪ್ರಶ್ನೆ ಕೇಳಿದರೆ ಸಾಕು: ರ್‍ಯಾಮ್ ಎಷ್ಟು? ಬೆಸುಗೆಯದೋ, ಸ್ಲಾಟಿನದೋ? ಮುಂದೆ ಎಷ್ಟರವರೆಗೆ ಏರಿಸಬಹುದು? ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳುವುದು ಕ್ಷೇಮ. ಮನೆಗೆ ತಂದ ಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿ ಎಂಬಲ್ಲಿ ನೋಡಿದರೆ ಎಷ್ಟು ಮೆಮೊರಿಯಿದೆ, ಸ್ಲಾಟ್‌ಗಳಿದ್ದರೆ ಎಷ್ಟು ಬಳಕೆಯಲ್ಲಿವೆ ಎಂಬುದು ತಿಳಿಯುತ್ತದೆ. ಸಂಘಗಳು ಲ್ಯಾಪ್‌ಟಾಪ್ ಹಂಚುವ ಮೊದಲು ಐಟಿ ಕ್ಷೇತ್ರದಲ್ಲಿ ದುಡಿಯುವ ತಮ್ಮ ಯುವ ಸದಸ್ಯರಲ್ಲಿ ಒಬ್ಬರನ್ನು ಖರೀದಿ ಸಮಿತಿಗೆ ಸೇರಿಸಿಕೊಂಡರೆ ಈ ಪರಿಶೀಲನೆ ಹತ್ತು ನಿಮಿಷದ ಕೆಲಸ. ಈ ವರ್ಷದ ವಿತರಣೆಯಿಂದಲೇ ಅದು ಆರಂಭವಾಗಲಿ.