ಫೋನ್ ತಾನಾಗಿಯೇ ರೀಸ್ಟಾರ್ಟ್ ಆದರೆ ಹ್ಯಾಕ್ ಆಗಿದೆ ಎಂದರ್ಥವೇ?

‘ಫೋನ್ ತಾನಾಗಿಯೇ ಆಫ್ ಆಗಿ ಆನ್ ಆದರೆ ಯಾರೋ ಹ್ಯಾಕ್ ಮಾಡಿದ್ದಾರೆ’ ಎನ್ನುವ ಧಾಟಿಯ ಮೆಸೇಜ್ ನಿಮಗೂ ಬಂದಿರಬಹುದು. ಹಾಗೆ ಆಗಲು ಸಾಧ್ಯವೇ ಇಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಹಳೆಯ ಬ್ಯಾಟರಿ, ವಿಪರೀತ ಬಿಸಿ, ತಂತ್ರಾಂಶದ ತಪ್ಪು, ಇವೂ ಕಾರಣವಾಗಬಹುದು. ಇವುಗಳಲ್ಲಿ ಒಂದು ಬಗೆಯ ತಪ್ಪನ್ನು ಮಾತ್ರ ಇಲ್ಲಿ ನೋಡೋಣ.

ಆಂಡ್ರಾಯ್ಡ್ ಫೋನುಗಳ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಆ್ಯಪ್ ಕೆಟ್ಟರೆ ಆ್ಯಪ್ ಮಾತ್ರ ಮುಚ್ಚುತ್ತದೆ. ಕರ್ನಲ್ ಕೆಟ್ಟರೆ ಇಡೀ ಫೋನೇ ಬೀಳುತ್ತದೆ. ‘ಇಷ್ಟು ಹೊತ್ತಾದ ಮೇಲೆ ಈ ಕೆಲಸ ಮಾಡು’ ಎಂದು ಕರ್ನಲ್ ಟೈಮರ್‌ಗಳನ್ನು ಇಟ್ಟುಕೊಳ್ಳುತ್ತದೆ.

ಲಾಡ್ಜಿನಲ್ಲಿ ತಂಗಿದ್ದೀರಿ ಎಂದುಕೊಳ್ಳಿ. ‘ಬೆಳಿಗ್ಗೆ 5ಕ್ಕೆ ಬಾಗಿಲು ತಟ್ಟಪ್ಪಾ’ ಎಂದು ರೂಮ್‌ಬಾಯ್‌ಗೆ ಹೇಳಿ, ರಾತ್ರಿಯೇ ರೂಮು ಖಾಲಿ ಮಾಡಿದಿರಿ. ಅವನು ಬಂದು ತಟ್ಟಿದಾಗ ಒಳಗಿರುವವರು ಬೇರೆ ಯಾರೋ! ಕರ್ನಲ್‌ನಲ್ಲೂ ಹೀಗೆಯೇ: ಬ್ಲೂಟೂತ್ ಸಾಧನ ತೆಗೆದಾಗ ಅದರ ಮೆಮೊರಿಯನ್ನು ಬಿಟ್ಟುಕೊಡಲಾಗುತ್ತದೆ, ಅದರೊಳಗಿದ್ದ ಟೈಮರ್ ಮಾತ್ರ ಇನ್ನೂ ಪಟ್ಟಿಯಲ್ಲೇ ಉಳಿದಿರುತ್ತದೆ.

ಟೈಮರ್ ರದ್ದು ಮಾಡಿದರೆ ಸಾಕಲ್ಲವೇ? ಸಾಲದು. ರೂಮ್‌ಬಾಯ್ ಆಗಲೇ ಮೆಟ್ಟಿಲು ಹತ್ತುತ್ತಿರಬಹುದು. ಅವನು ವಾಪಸಾಗುವವರೆಗೆ ಕಾಯುವ ವ್ಯವಸ್ಥೆ ಬಹಳ ಹಿಂದಿನಿಂದಲೂ ಇದೆ. ನಿಜವಾದ ಪೇಚು ಬೇರೆ ಕಡೆ. ಟೈಮರ್ ಒಂದು ಕೆಲಸವನ್ನು ಸರದಿಗೆ ಹಾಕುತ್ತದೆ, ಆ ಕೆಲಸ ಮುಗಿಯುವಾಗ ಟೈಮರನ್ನೇ ಮತ್ತೆ ಹೂಡುತ್ತದೆ. ಟೈಮರನ್ನು ಮೊದಲು ನಿಲ್ಲಿಸಿದರೆ ಕೆಲಸ ಅದನ್ನು ಎಬ್ಬಿಸುತ್ತದೆ. ಕೆಲಸವನ್ನು ಮೊದಲು ನಿಲ್ಲಿಸಿದರೆ ಟೈಮರ್ ಅದನ್ನು ಎಬ್ಬಿಸುತ್ತದೆ. ಯಾವ ಕಡೆಯಿಂದ ಶುರುಮಾಡಿದರೂ ತಪ್ಪೇ.

ಸ್ಟೀವನ್ ರೋಸ್ಟೆಡ್ ಮತ್ತು ಥಾಮಸ್ ಗ್ಲೈಕ್ಸ್‌ನರ್ ಅವರ ಪ್ರಯತ್ನದಿಂದ 2023ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 6.2ರಲ್ಲಿ ‘ಟೈಮರ್ ಶಟ್‌ಡೌನ್’ ಸೇರಿತು. ಇದು ಟೈಮರನ್ನು ನಿಲ್ಲಿಸಿ, ಅದು ಮಾಡಬೇಕಿದ್ದ ಕೆಲಸದ ವಿಳಾಸವನ್ನೇ ಅಳಿಸಿಬಿಡುತ್ತದೆ. ಆಮೇಲೆ ಯಾರು ಹೂಡಲು ಹೋದರೂ ಕರ್ನಲ್ ಸದ್ದಿಲ್ಲದೆ ಕಡೆಗಣಿಸುತ್ತದೆ. ಲಾಡ್ಜಿನ ಪುಸ್ತಕದಿಂದ ಆ ರೂಮಿನ ಪುಟವನ್ನೇ ಹರಿದು ಹಾಕಿದಂತೆ.

ತಮಾಷೆಯೆಂದರೆ, ಹ್ಯಾಕರ್‌ಗಳು ಹುಡುಕುವುದೂ ಇಂಥ ಬಿಟ್ಟುಕೊಟ್ಟ ಮೆಮೊರಿಯ ತಪ್ಪುಗಳನ್ನೇ. ಖಾಲಿಯಾದ ಜಾಗದಲ್ಲಿ ತಮ್ಮ ಮಾಹಿತಿ ತುಂಬಿಸಿ ಕರ್ನಲ್ಲನ್ನು ದಾರಿ ತಪ್ಪಿಸಬಹುದು. ‘ಅಪ್‌ಡೇಟ್ ಮಾಡಬೇಡಿ, ಫೋನ್ ಸ್ಲೋ ಆಗುತ್ತೆ’ ಎಂಬ ಇನ್ನೊಂದು ಫಾರ್ವರ್ಡ್ ನಮಗೆ ಹೆಚ್ಚು ಅಪಾಯಕಾರಿ ಎನಿಸುವುದು ಇದಕ್ಕೇ.

ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಕರ್ನಲ್ ಸಂಖ್ಯೆ 6.2ಕ್ಕಿಂತ ಕಡಿಮೆ ಕಂಡರೆ ಗಾಬರಿ ಬೇಡ. ಹಳೆಯ ಆವೃತ್ತಿಗಳಿಗೂ ರಿಪೇರಿಗಳನ್ನು ಸೇರಿಸುತ್ತಾರೆ. ನೋಡಬೇಕಾದದ್ದು ಅಲ್ಲೇ ಇರುವ ಸೆಕ್ಯುರಿಟಿ ಅಪ್‌ಡೇಟ್‌ನ ತಾರೀಖನ್ನು.