ಕೌದಿಯೂ ಬೇಕು, ಸೂರೂ ಬೇಕು

ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಒತ್ತಾಗಿ ಹೊಲಿದರೆ ಅದು ಕೌದಿ. ನಮ್ಮ ಉತ್ತರ ಕರ್ನಾಟಕದ ತಾಯಂದಿರಿಗೆ ಈ ವಿದ್ಯೆ ಹೊಸದಲ್ಲ. ಇಲ್ಲಿಯ ಮರಾಠಿ ನೆರೆಯವರು ಇದನ್ನೇ ಗೋಧಡಿ ಎನ್ನುತ್ತಾರೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಕನ್ನಡ ಬಾಂಧವರು ರಜೆಯ ದಿನ ಒಂದೆರಡು ತಾಸು ಕೂಡಿ ಕುಳಿತು, ಇಲ್ಲದವರಿಗಾಗಿ ಕೌದಿ ಹೊಲಿಯಬೇಕೆಂದು ನಾವು ಕೋರುತ್ತೇವೆ.

ಯಾರಿಗಾಗಿ? ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ಇಲ್ಲಿಯ ಕಟ್ಟಡಗಳಿಗೆ ಇಟ್ಟಿಗೆ ಹೊರುವ ನಮ್ಮವರೇ ತಗಡಿನ ಜೋಪಡಿಗಳಲ್ಲಿ ಮಕ್ಕಳೊಡನೆ ಚಳಿಗಾಲ ಕಳೆಯುತ್ತಾರೆ. ಹೋಟೆಲು ಮುಚ್ಚಿದ ಮೇಲೆ ಒದ್ದೆ ನೆಲದಲ್ಲಿ ಗೋಣಿ ಹಾಸಿ ಮಲಗಿದವರಿಗೆ ಆ ಚಳಿಯನ್ನು ಬಣ್ಣಿಸಬೇಕಾಗಿಲ್ಲ. 1982ರ ಗಿರಣಿ ಮುಷ್ಕರದಲ್ಲಿ, ನಾಡಿಗೆ ಬಟ್ಟೆ ನೇಯ್ದವರೇ ಮನೆಯ ಪಾತ್ರೆಪಡಗ ಮಾರಿ ದಿನ ಕಳೆದದ್ದನ್ನೂ ನಾವು ಮರೆತಿಲ್ಲ.

ಎರಡು ಮಾತು. ದಾನವೆಂದರೆ ಮನೆಯ ಚಿಂದಿ ಖಾಲಿ ಮಾಡುವುದಲ್ಲ. ನಮ್ಮ ಮಗುವಿಗೆ ಹೊದಿಸಲು ಹಿಂಜರಿಯುವ ಬಟ್ಟೆ ಕೌದಿಗೆ ಬೇಡ. ಒಗೆದು ಒಣಗಿಸಿದ ಗಟ್ಟಿ ಹತ್ತಿಬಟ್ಟೆ ಕೊಡಿರಿ. ಇನ್ನು, ಸೂಜಿ ಹೆಂಗಸರದೆಂದು ಗಂಡಸರು ದೂರ ನಿಲ್ಲಬೇಡಿರಿ. ಗಿರಣಿಯಲ್ಲಿ ಹರಿದ ಎಳೆ ಕೂಡಿಸಿದ ಕೈಗೆ ಹೊಲಿಗೆ ಹಾಕುವುದು ಕಷ್ಟವೇ?

ಆದರೆ ನಾವು ಕೌದಿ ಕೊಟ್ಟೆವೆಂದು ಗುತ್ತಿಗೆದಾರನ ಹೊಣೆ ತೀರದು. ಕೆಲಸಗಾರರಿಗೆ ಉಚಿತ ತಾತ್ಕಾಲಿಕ ವಸತಿ ಒದಗಿಸಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆಯೇ ವಿಧಿಸಿತ್ತು. ಕೌದಿ ಒಯ್ಯುವ ಬಂಧುಗಳು ಅವರ ಸೂರನ್ನೂ ನೋಡಿ ಬರಲಿ. ಸರಿಯಿಲ್ಲವೆಂದು ಕಂಡರೆ ಸಂಘಕ್ಕೆ ತಿಳಿಸಲಿ. ಹೊದಿಕೆ ನಮ್ಮ ಪ್ರೀತಿ, ಸೂರು ಅವರ ಹಕ್ಕು.